ಅತ್ತೆ ಒಪ್ಪತ್ತು ಬಿಟ್ಟ ಸುಗ್ಗಿ

ಮೊನ್ನೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತೆರಕಣಾಂಬಿ ದಾಟಿದ ಮೇಲೆ ಯಾರದೋ ಹೊಲದಲ್ಲಿ ಅರಿಶಿನ ಬೇಯಿಸುತ್ತಿದ್ದರು. ಆ ವಾಸನೆ ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಹಸಿ ಮಣ್ಣು, ಕರ್ಪೂರ, ಸುಟ್ಟ ತರಗು ಎಲ್ಲ ಸೇರಿದ ಒಂದು ಘಾಟು. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. ನಾನು ಗಾಜನ್ನು ಇನ್ನಷ್ಟು ಸರಿಸಿದೆ. ಕೈಯಲ್ಲಿದ್ದ ಪತ್ರಿಕೆಯಲ್ಲಿ ಯಾವನೋ ಪುಣ್ಯಾತ್ಮ 'ಜೀವಕೋಶವು ಸಕ್ಕರೆಯಿಂದ ಶಕ್ತಿಯನ್ನು ಹೇಗೆ ಪಡೆಯುತ್ತದೆ?' ಎಂಬ ಪ್ರಶ್ನೆಗೆ ಎರಡು ಸಾಲು ಗೀಚಿ ಕೈತೊಳೆದುಕೊಂಡಿದ್ದ. ಆ ವಾಸನೆ, ಆ ಪ್ರಶ್ನೆ ಒಟ್ಟಿಗೆ ಎದುರಾದರೆ ನನಗೆ ಒಂದೇ ಸುಗ್ಗಿ ನೆನಪಾಗುತ್ತದೆ. ಆ ಹುಡುಗನಿಗೆ ಸೊನ್ನೆ ಹಾಕಲು ಬೇಸರವಾಗಿ ಪತ್ರಿಕೆಯನ್ನು ಬ್ಯಾಗಿಗೆ ತುರುಕಿದೆ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಆಗ ಗುಂಡ್ಲುಪೇಟೆಯಲ್ಲಿ ಕೆಲಸ, ಮನೆ ಹರವೆ ಕಡೆಯ ಒಂದು ಹಳ್ಳಿಯಲ್ಲಿ. ಗಂಡ ಗುರುಸ್ವಾಮಿ ಬೇಸಾಯಗಾರ. ಆದರೆ ಹೊಲದ ನಿಜವಾದ ಯಜಮಾನಿ ನನ್ನ ಅತ್ತೆ ಮಾದೇವಮ್ಮ. ಅರಿಶಿನ ಬೇಯಿಸುವ ವಿಷಯದಲ್ಲಿ ಅವರ ಮಾತಿಗೆ ಎದುರಾಡುವವರು ಸುತ್ತಮುತ್ತ ಯಾರೂ ಇರಲಿಲ್ಲ. ಊರಿಗೆಲ್ಲ ಟ್ರಾಕ್ಟರಿನ ಹಿಂದೆ ಕಟ್ಟಿಕೊಂಡು ಬರುವ ಸ್ಟೀಮ್ ಬಾಯ್ಲರ್ ಬಂದಿದ್ದರೂ ಅತ್ತೆ ಮಾತ್ರ ನೆಲ ಅಗೆದು ಒಲೆ ಹೂಡಿ, ಅದರ ಮೇಲೆ ಕೊಪ್ಪರಿಗೆ ಕೂರಿಸಿಯೇ ಬೇಯಿಸಬೇಕು. ಕೆಲಸಕ್ಕೆ ಬರುವವರು ಮುಯ್ಯಾಳುಗಳು. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಸೊಸೆ ಮೇಷ್ಟ್ರಮ್ಮ ಎಂದು ನನಗೇನೂ ವಿನಾಯಿತಿ ಇರಲಿಲ್ಲ. ಭಾನುವಾರ ಬಂತೆಂದರೆ ನಾನೂ ತರಗು ಹೊರುವ ಆಳು.

ಅತ್ತೆಗೆ ಒಪ್ಪತ್ತಿನಲ್ಲೂ ಅಷ್ಟೇ ಹೆಸರಿತ್ತು. ಮದುವೆಯಾಗಿ ಬಂದಂದಿನಿಂದ ಸೋಮವಾರ ಒಂದೇ ಹೊತ್ತು ಊಟ. ಶ್ರಾವಣದಲ್ಲಿ ತಿಂಗಳಿಡೀ ಒಪ್ಪತ್ತು. ಶಿವರಾತ್ರಿಯಂದು ತೊಟ್ಟು ನೀರೂ ಇಲ್ಲ. ಹಸಿವು ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿಲ್ಲ. ನಾನು ಮಧ್ಯಾಹ್ನದ ಊಟ ಅರ್ಧ ಗಂಟೆ ತಡವಾದರೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮೇಲೂ ರೇಗುವವಳು. ಹಾಗಾಗಿ ಈ ವಿಷಯದಲ್ಲಿ ಅವರೆಂದರೆ ನನಗೆ ಭಕ್ತಿ, ಸ್ವಲ್ಪ ಹೊಟ್ಟೆಕಿಚ್ಚು ಕೂಡ.

ಆ ವರ್ಷ ಸಂಕ್ರಾಂತಿ ಕಳೆದು ಅರಿಶಿನ ಕೀಳಲು ಶುರು ಮಾಡಿದ್ದೆವು. ಒಂದು ಬೆಳಿಗ್ಗೆ ಅತ್ತೆ ಹೋಗಿಬಂದ ಬಚ್ಚಲಲ್ಲಿ ಕೆಂಪಗೆ ಕಂಡಿತು. ಕೇಳಿದರೆ ಅತ್ತೆ ತಲೆ ಕೆಡಿಸಿಕೊಳ್ಳಲೇ ಇಲ್ಲ.

"ಬೆಂಕಿ ಮುಂದ ಕೂತ್ರ ಉಷ್ಣ ಆಯ್ತದ ಕಣಮ್ಮಿ. ಓದ್ ವರ್ಸ ಸುಗ್ಗಿಲೂ ಇಂಗೇ ಆಗಿತ್ತು. ಅದ್ಕೆಲ್ಲ ಡಾಕುಟ್ರತ್ರ ಓಯ್ತಾರಾ?"

ಹೋದ ವರ್ಷವೂ ಆಗಿತ್ತು ಎಂಬ ಮಾತು ಕೇಳಿದ ಮೇಲೆ ಸುಮ್ಮನೆ ಕೂರುವ ಹಾಗಿರಲಿಲ್ಲ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದರೆ ಅದು ಉಷ್ಣವಲ್ಲ ಎನ್ನುವಷ್ಟು ನನಗೂ ಗೊತ್ತಿತ್ತು. ಉಷ್ಣಕ್ಕೆಂದು ಅವರು ಕುಡಿಯುತ್ತಿದ್ದ ಎಳನೀರನ್ನು ನಿಲ್ಲಿಸಿ, ಜಗಳವಾಡಿಯೇ ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಎಡ ಮೂತ್ರಪಿಂಡದಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಂಟು. ಮೈಸೂರಿಗೆ ಹೋದೆವು. ಅಲ್ಲಿನ ಸರ್ಜನ್ ಇದು ಬಹುಪಾಲು ಕ್ಯಾನ್ಸರೇ ಎಂದು ನೇರವಾಗಿ ಹೇಳಿದರು. ಗಂಟು ಇನ್ನೂ ಮೂತ್ರಪಿಂಡದೊಳಗೇ ಇದೆ, ಮೂತ್ರಪಿಂಡದ ಜೊತೆಗೇ ತೆಗೆದುಬಿಟ್ಟರೆ ಒಳ್ಳೆಯ ಭರವಸೆ ಇದೆ, ಇನ್ನೊಂದು ಮೂತ್ರಪಿಂಡ ಚೆನ್ನಾಗಿದೆ ಎಂದೂ ಹೇಳಿ, ಕೆಲವು ಪರೀಕ್ಷೆ ಮುಗಿಸಿ ಬರಲು ದಿನ ಕೊಟ್ಟರು. ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. ಅತ್ತೆ ಮಗನ ಬೆನ್ನು ಸವರಿ, ಬಸ್ ಹೊರಡುವ ಹೊತ್ತಾಯಿತು ಎಂದು ಎಬ್ಬಿಸಿದರು.

ಸುದ್ದಿ ಕುದೇರಿಗೆ ತಲುಪಿತು. ಅಲ್ಲಿಂದ ನನ್ನ ಗಂಡನ ಅಕ್ಕ ಪುಟ್ಟಮ್ಮಣ್ಣಿ ಓಡಿ ಬಂದರು. ತಾಯಿಯ ಮೇಲೆ ಪ್ರಾಣ ಇಟ್ಟುಕೊಂಡವರು. ಬರುವಾಗ ಫೋನಿನಲ್ಲಿ ಒಂದು ವಿಡಿಯೋವನ್ನೂ ತಂದಿದ್ದರು.

"ಅವ್ವಾ, ಆ ಗಂಟು ಸಕ್ರ ತಿಂದು ಬೆಳೀತದಂತ. ದೊಡ್ ಡಾಕುಟ್ರೇ ಯೋಳವ್ರ ನೋಡು. ಸಕ್ರ, ಅನ್ನ, ರಾಗಿ ಎಲ್ಲಾ ಬುಟ್ಬುಟ್ರ ಅದು ಅಂಗೇ ಒಣಗೋಯ್ತದಂತ."

ಅತ್ತೆಯ ಮುಖ ಅರಳಿತು. ರೋಗದ ಮಾತು ಬಂದಂದಿನಿಂದ ಅವರು ನಕ್ಕದ್ದು ಅದೇ ಮೊದಲು.

"ಅಷ್ಟೇಯಾ? ಉಪಾಸ ಕೆಡವದಾ? ಅದ್ನ ನಂಗ ಯಾರಾರ ಯೋಳ್ಕೊಡ್ಬೇಕಾ?"

ಎದ್ದು ಹೋಗಿ ಸ್ನಾನ ಮಾಡಿ, ಲಿಂಗಪೂಜೆಗೆ ಕೂತು, ಆ ಗಂಟನ್ನು ಉಪವಾಸ ಕೆಡವುತ್ತೇನೆ, ಅದು ಕರಗುವವರೆಗೂ ದಿನವೂ ಒಪ್ಪತ್ತು ಎಂದು ಮಾದಪ್ಪನಿಗೆ ಹೇಳಿಕೊಂಡುಬಿಟ್ಟರು. ಮಾದಪ್ಪನಿಗೆ ಹೇಳಿಕೊಂಡ ಮೇಲೆ ನಮ್ಮ ಸೀಮೆಯಲ್ಲಿ ಮಾತು ಮುಗಿದ ಹಾಗೆ. ಮಲೆ ಮಾದೇಶ್ವರನ ಹೆಸರಿನ ಹರಕೆಗೆ ಸೊಸೆಯ ಎಂಎಸ್ಸಿ ಯಾವ ಲೆಕ್ಕ?

ಆ ಹರಕೆಯನ್ನು ಅವರು ನಡೆಸಿದ ರೀತಿ ನೋಡಬೇಕಿತ್ತು. ಒಂದೇ ಹೊತ್ತು, ಅದೂ ಎರಡು ಹಿಡಿ ಸೊಪ್ಪು, ಒಂದು ಲೋಟ ಹಾಲು. ಬೆಲ್ಲದ ಡಬ್ಬ ಅಟ್ಟಕ್ಕೆ ಹೋಯಿತು. ಮುದ್ದೆಯ ಕಡೆ ತಿರುಗಿಯೂ ನೋಡಲಿಲ್ಲ. ಹಾಗಿದ್ದೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಲೆಯ ಮುಂದೆ ಇರುತ್ತಿದ್ದರು. ಮುಯ್ಯಾಳುಗಳೆಲ್ಲ "ಮಾದೇವಮ್ಮ ಗಂಟ್ನ ಸಾಯಿಸ್ತಾವ್ಳ" ಎಂದು ಕೊಂಡಾಡಿದರು. ಕುಪ್ಪಸದ ತೋಳು ಸಡಿಲವಾಯಿತು, ಬಳೆ ಮೊಣಕೈವರೆಗೆ ಜಾರುವಂತಾಯಿತು. ಅದನ್ನೂ ಅವರು ಗೆಲುವಿನ ಗುರುತು ಎಂದೇ ತೋರಿಸುತ್ತಿದ್ದರು. ಬೇಡ ಅತ್ತೆ ಎಂದು ನಾನು ಹೇಳಿದ್ದೆಲ್ಲ ಗಾಳಿಗೆ ಹೋಯಿತು.

ಕೊಟ್ಟ ದಿನಕ್ಕೆ ಮೈಸೂರಿಗೆ ಹೋದಾಗ ಸರ್ಜನ್ ಅವರ ತೂಕ ನೋಡಿದರು, ರಕ್ತದ ವರದಿ ನೋಡಿದರು, ಹೊಸ ಸ್ಕ್ಯಾನ್ ನೋಡಿದರು.

"ಅಮ್ಮಾ, ಗಂಟು ಕರಗಿಲ್ಲ, ಚೂರು ದೊಡ್ಡದಾಗಿದೆ. ಕರಗಿರೋದು ನೀವು. ಇಷ್ಟು ಸೊರಗಿರುವ ಮೈಗೆ ನಾನು ಇವತ್ತು ಕತ್ತರಿ ಹಾಕಲ್ಲ, ಗಾಯ ಮಾಗೋದಿಲ್ಲ. ಶಿವರಾತ್ರಿ ಕಳೆದ ಮೇಲೆ ಬನ್ನಿ. ಅಷ್ಟರಲ್ಲಿ ಮೂರು ಹೊತ್ತೂ ತಿಂದು ಮೈ ಹಿಡಿಸಿಕೊಳ್ಳಿ."

ನನ್ನನ್ನು ಪಕ್ಕಕ್ಕೆ ಕರೆದು, ಅದಕ್ಕಿಂತ ತಡ ಮಾಡುವ ಹಾಗಿಲ್ಲ, ಗಂಟು ರಕ್ತನಾಳದ ಹಾದಿ ಹಿಡಿದರೆ ಆಮೇಲೆ ಕಥೆಯೇ ಬೇರೆ ಎಂದರು. ಬಸ್ಸಿನಲ್ಲಿ ಅತ್ತೆ ನಂಜನಗೂಡಿನವರೆಗೆ ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ತಮ್ಮ ತಪ್ಪು ತಮಗೆ ಸಿಕ್ಕವರ ಹಾಗೆ ಹೇಳಿದರು:

"ಹಾಲು ಕುಡೀತಿದ್ನಲ್ಲಮ್ಮಿ, ಅದೇ ಕೆಟ್ಟಿರದು. ನಾಳಿಂದ ಅದೂ ಬ್ಯಾಡ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮನೆಗೆ ಬಂದವಳೇ ಹಳೇ ಕ್ಯಾಲೆಂಡರ್ ಹರಿದು, ಅದರ ಬೆನ್ನಿನ ಮೇಲೆ ಪೂರ್ತಿ ಪಾಠ ಬಿಡಿಸಿದೆ. ಜೀವಕೋಶ, ಅದರೊಳಗೆ ಬಾಣದ ಗುರುತುಗಳು, ಕೆಂಪು ಶಾಯಿ, ನೀಲಿ ಶಾಯಿ. ಅತ್ತೆ ಗಂಭೀರವಾಗಿ ಕೂತು ಕೇಳಿದರು. ಕೊನೆಗೆ "ಚಂದಾಗಿ ಬರ್ದಿದ್ದೀಯ" ಎಂದು ಹೇಳಿ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು. ಅಷ್ಟು ವರ್ಷ ಪಾಠ ಮಾಡಿದ ನನ್ನ ಜಂಬವೆಲ್ಲ ಇಳಿದುಹೋಯಿತು.

ಮಾರನೆಯ ದಿನ ಕಾಲೇಜಿನಲ್ಲಿ ಇದನ್ನೆಲ್ಲ ರಸಾಯನಶಾಸ್ತ್ರದ ಷಹೀನಾ ಮೇಡಂ ಹತ್ತಿರ ತೋಡಿಕೊಂಡೆ. ಅವರದು ಗುಂಡ್ಲುಪೇಟೆಯೇ. ತಂದೆಗೆ ಕೊಪ್ಪರಿಗೆ ಬೆಸುಗೆ ಹಾಕುವ ಕೆಲಸ. ನಮ್ಮ ಕೊಪ್ಪರಿಗೆಗೂ ಅವರೇ ತೇಪೆ ಹಾಕಿದ್ದರು.

"ಕಾಯಿಲೆ ಇದ್ರೆ ನಮ್ಮಲ್ಲಿ ರಂಜಾನಿನ ರೋಜಾ ಉಪವಾಸ ಬಿಡಬಹುದು ಕಣ್ರೀ, ಅದಕ್ಕೆ ಯಾರೂ ಏನೂ ಅನ್ನಲ್ಲ" ಎಂದರು. "ನಿಮ್ಮತ್ತೆ ದೇವರ ಭಯಕ್ಕೆ ಉಪವಾಸ ಮಾಡ್ತಿಲ್ಲ, ಗೆಲ್ತೀನಿ ಅಂತ ಮಾಡ್ತಿದ್ದಾರೆ. ಅದು ಯಾಕೆ ಗೆಲ್ಲಲ್ಲ ಅಂತ ಅವರಿಗೇ ಕಾಣಬೇಕು. ಕ್ಯಾಲೆಂಡರ್ ಬಿಡಿ, ಅವರ ಒಲೆ ಮುಂದೆ ಹೋಗಿ ಕೂತ್ಕೊಳ್ಳಿ."

ಷಹೀನಾ ಮೇಡಂಗೆ ನಾನು ಇಂದಿಗೂ ಋಣಿ. ಆ ಭಾನುವಾರದೊಳಗೆ ಮೂತ್ರಪಿಂಡದ ಕ್ಯಾನ್ಸರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಅರ್ಥವಾಗದ್ದನ್ನು ಸರ್ಜನ್‌ಗೆ ಫೋನ್ ಮಾಡಿ ಕೇಳಿದೆ. ಯಾವ ಪರೀಕ್ಷೆಗೂ ನಾನು ಹಾಗೆ ಓದಿದವಳಲ್ಲ. ಭಾನುವಾರ ಕೊಪ್ಪರಿಗೆ ಕುದಿಯಲು ಶುರುವಾಗಿ ಗೋಣಿಚೀಲದ ಮುಚ್ಚಳದಡಿಯಿಂದ ಹಬೆ ಏಳುವಾಗ ಅತ್ತೆಯ ಪಕ್ಕ ಹೋಗಿ ಕೂತೆ.

"ಅತ್ತೆ, ಒಲೆಯ ಹಿಂದಿನ ಹೊಗೆಗಂಡಿ ಮುಚ್ಚಿಬಿಟ್ರೆ ಏನಾಯ್ತದೆ?"

"ಏನಾದದು? ಗಾಳಿ ಆಡಲ್ಲ, ಉರಿ ಸಾಯ್ತದ. ಗಾಡಿಗಟ್ಲ ಸೌದ ಆಕುದ್ರೂ ಬರೀ ಹೊಗ, ಅರ್ದಂಬರ್ದ ಇದ್ಲು. ಕೊಪ್ಪರಿಗ ಕುದಿಯಲ್ಲ."

ನಾನು ಅಲ್ಲಿಂದ ಹಿಡಿದುಕೊಂಡೆ. ನಮ್ಮ ಮೈಯ ಪ್ರತಿ ಜೀವಕೋಶದಲ್ಲೂ ಇಂಥದೊಂದು ಒಲೆ ಇದೆ ಎಂದೆ. ರಕ್ತ ತಂದುಕೊಡುವ ಸಕ್ಕರೆ ಸೌದೆ, ರಕ್ತವೇ ತಂದುಕೊಡುವ ಆಮ್ಲಜನಕ ಗಾಳಿ. ಗಾಳಿಯಾಡುವ ಒಲೆಯಲ್ಲಿ ಸ್ವಲ್ಪ ಸೌದೆ ಸಾಕು, ಪೂರ್ತಿ ಉರಿದು ಪೂರ್ತಿ ಕಾವು ಕೊಡುತ್ತದೆ. ಗಾಳಿ ಕಡಿಮೆಯಾದರೆ ಜೀವಕೋಶದೊಳಗೆ ಒಂದು ಕೂಗು ಏಳುತ್ತದೆ, ಉಸಿರು ಕಟ್ಟುತ್ತಿದೆ, ಸೌದೆ ಹೆಚ್ಚಿಗೆ ತನ್ನಿ, ಹೊಸ ರಕ್ತನಾಳ ಎಳೆಯಿರಿ ಎಂದು. ಗಾಳಿ ಸರಿಯಾಗಿರುವಾಗ ಆ ಕೂಗನ್ನು ಅಡಗಿಸಲು ಒಬ್ಬ ಕಾವಲುಗಾರ ಇರುತ್ತಾನೆ. ಈ ಬಗೆಯ ಗಂಟಿನಲ್ಲಿ ಸಾಮಾನ್ಯವಾಗಿ ಮೊದಲು ಹಾಳಾಗುವುದು ಆ ಕಾವಲುಗಾರನೇ.

"ಕುಡುದು ಮಲಗವ್ನಾ?"

"ಮಲಗಿಲ್ಲ ಅತ್ತೆ, ಅವನು ಇಲ್ಲವೇ ಇಲ್ಲ. ಕೂಗು ನಿಲ್ಲಿಸೋರೇ ಇಲ್ಲ."

"ಅಲ್ಲಿ ಗಾಳಿ ಅದ ತಾನೆ?"

"ಬೇಕಾದಷ್ಟು ಇದೆ."

"ಇದ್ರೂವ ಇಲ್ಲ ಅಂತ ಬಡ್ಕತದಾ? ಕಳ್ ಮುಂಡೇದು!"

ಪಾಠ ಮಾಡುವವರಿಗೆ ಒಂದು ಗಳಿಗೆ ಗೊತ್ತಾಗುತ್ತದೆ, ಎದುರಿಗಿರುವವರ ಕಣ್ಣು ಕೊಂಚ ಕಿರಿದಾಗಿ ಮಾತನ್ನು ಒಳಕ್ಕೆ ಎಳೆದುಕೊಳ್ಳುವ ಗಳಿಗೆ. ನಾನು ಮುಂದುವರಿಸಿದೆ. ಆ ಸುಳ್ಳು ಕೂಗನ್ನು ನಂಬಿಕೊಂಡು ಜೀವಕೋಶ ತನ್ನ ಒಲೆಯ ಕಂಡಿಯನ್ನು ತಾನೇ ಮುಚ್ಚಿಕೊಂಡ ಹಾಗೆ ನಡೆಯುತ್ತದೆ. ಸಕ್ಕರೆಯನ್ನು ರಾಶಿಗಟ್ಟಲೆ ಎಳೆದು ಅರ್ಧಂಬರ್ಧ ಉರಿಸುತ್ತದೆ. ಹಾಗಂತ ಅರೆಬೆಂದದ್ದನ್ನೆಲ್ಲ ಎಸೆಯುವುದಿಲ್ಲ. ಅದರಲ್ಲಿ ಒಂದಷ್ಟನ್ನು ಇಟ್ಟುಕೊಂಡು ಹೊಸ ಜೀವಕೋಶಗಳಿಗೆ ಗೋಡೆ, ತೊಲೆ ಮಾಡಿಕೊಳ್ಳುತ್ತದೆ, ಇನ್ನಷ್ಟನ್ನು ಕೊಬ್ಬು ಮಾಡಿ ಒಳಗೇ ಕೂಡಿಡುತ್ತದೆ. ಇತ್ತ ಕೂಗಿಗೆ ಓಗೊಟ್ಟು ಬಂದ ಹೊಸ ರಕ್ತನಾಳಗಳು ಮತ್ತಷ್ಟು ತಂದು ಸುರಿಯುತ್ತವೆ. ಗಂಟು ಬೆಳೆಯುವುದು ಹೀಗೆ. ಅತ್ತೆ ಕೋಲಿನಿಂದ ಕೆಂಡ ಕೆದಕತೊಡಗಿದರು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು.

"ಸರಿ ಕಣಮ್ಮಿ. ಅಂಗಾದ್ರ ಸೌದೇನೇ ಕೊಡ್ದೆ ಇದ್ರ ಆರೋಯ್ತದಲ್ಲ? ಪುಟ್ಟಮ್ಮಣ್ಣಿ ಯೋಳಿದ್ದೂ ಅದೇಯ. ನೀನೂ ಅದ್ನೇ ಯೋಳ್ದಂಗಾಯ್ತು."

"ಸೌದೆ ಕೊಡೋದು ನಿಮ್ಮ ಬಾಯಲ್ಲ ಅತ್ತೆ, ರಕ್ತ. ನೀವು ಉಣ್ಣದೇ ಇದ್ರೂ ರಕ್ತದಲ್ಲಿ ಸಕ್ಕರೆ ಖಾಲಿಯಾಗೋದಕ್ಕೆ ಮೈ ಬಿಡಲ್ಲ. ಖಾಲಿಯಾದ್ರೆ ಮಿದುಳು ನಿಂತುಹೋಯ್ತದೆ. ಅದಕ್ಕೆ ನಿಮ್ಮ ತೋಳಿನ, ತೊಡೆಯ ಮಾಂಸ ಕರಗಿಸಿ, ಅದರಿಂದ ಈಲಿಯಲ್ಲಿ, ಅಂದ್ರೆ ಲಿವರ್‌ನಲ್ಲಿ, ಸಕ್ಕರೆ ಮಾಡಿ ರಕ್ತಕ್ಕೆ ಬಿಡ್ತದೆ. ಆ ಸಕ್ಕರೆ ಗಂಟಿಗೂ ಹೋಯ್ತದೆ. ಸಾಲದ್ದಕ್ಕೆ ಅದು ಬೇರೆ ಏನೇನೋ ತಿಂದೂ ಬದುಕ್ತದೆ."

ಕೆದಕುತ್ತಿದ್ದ ಕೈ ನಿಂತಿತು. ಅತ್ತೆ ತಮ್ಮ ತೋಳನ್ನು ನೋಡಿಕೊಂಡರು, ಸೀರೆಯ ಮೇಲಿಂದಲೇ ತೊಡೆಯನ್ನು ಹಿಡಿದು ನೋಡಿಕೊಂಡರು.

"ಅಂದ್ರ ನಾ ಒಪ್ಪತ್ತು ಮಾಡಿ ಮಾಡಿ ನನ್ ತೊಡೇನೇ ಅದ್ಕ ಉಣ್ಣಿಸ್ತಾ ಇವ್ನಿ ಅನ್ನು!"

ಇಷ್ಟು ಸರಿಯಾಗಿ, ಇಷ್ಟು ಚಿಕ್ಕದಾಗಿ ನಾನು ಈ ಪಾಠವನ್ನು ಯಾವತ್ತೂ ಹೇಳಿದವಳಲ್ಲ. ಆದರೆ ಹರಕೆಯೊಂದು ಉಳಿದಿತ್ತು. ಅದನ್ನು ಎತ್ತಲು ನನಗೆ ಧೈರ್ಯವಿರಲಿಲ್ಲ. ಅತ್ತೆಯೇ ಎತ್ತಿದರು, ಮಾದಪ್ಪನ ಬೆಟ್ಟದ ದಿಕ್ಕಿಗೆ ಮುಖ ಮಾಡಿ ನೆರೆಯವನ ಹತ್ತಿರ ಮಾತಾಡುವ ಹಾಗೆ.

"ಮಾದಪ್ಪಾ, ಗಂಟ್ನ ಉಪಾಸ ಕೆಡುವ್ತಿನಿ ಅಂತ ನಿಂಗ ಯೋಳ್ಕಂಡಿ. ಅದು ಚಂದಾಗಿ ಉಂಡ್ಕಂಡು ಅದ. ಉಪಾಸ ಬಿದ್ದಿರವ್ಳು ನಾನು. ಇದು ನಾ ಯೋಳ್ಕಂಡ ಹರಕ ಅಲ್ಲ ಕಣಪ್ಪ. ಇವತ್ತಿಗ ಒಪ್ಪತ್ತು ಬುಟ್ಬುಟ್ಟಿ."

ಕೈ ಮುಗಿದು, ಕೆನ್ನೆ ಬಡಿದುಕೊಂಡು, ಸೆರಗು ಕೊಡವಿಕೊಂಡು ಎದ್ದರು. ಆಳುಗಳಿಗೆ ಬುತ್ತಿ ಬಂದಿತ್ತು. ರಾಗಿಮುದ್ದೆ, ಅವರೆಕಾಳಿನ ಸಾರು. ಅವರೆಲ್ಲರ ನಡುವೆ ಕೂತು ಅತ್ತೆ ಪೂರ್ತಿ ಒಂದು ಮುದ್ದೆ ಉಂಡರು. ನನ್ನ ಗಂಡ ತಟ್ಟೆ ಕೆಳಗಿಟ್ಟು ಬೇರೆ ಕಡೆ ಮುಖ ಮಾಡಿಕೊಂಡಿದ್ದರು.

ಅಲ್ಲಿಂದಾಚೆ ಊಟವೂ ಅವರಿಗೆ ಸುಗ್ಗಿಯ ಕೆಲಸದ ಹಾಗಾಯಿತು. ಹೊತ್ತಿಗೆ ಸರಿಯಾಗಿ ಹಾಲು, ಹುರುಳಿ, ಅವರೆ, ಕಡಲೆ, ತುಪ್ಪ. ಮೊಟ್ಟೆಯ ಮಾತೆತ್ತಿದ್ದಕ್ಕೆ ಮಾತ್ರ ನನ್ನನ್ನು ಸುಡುವಂತೆ ನೋಡಿದರು, ಅಲ್ಲಿಗೆ ಆ ಮಾತು ಬಿಟ್ಟೆ. ಬಳೆ ಮತ್ತೆ ಮುಂಗೈಯಲ್ಲಿ ನಿಲ್ಲತೊಡಗಿತು. ಅಷ್ಟರಲ್ಲಿ ಶಿವರಾತ್ರಿ ಬಂತು.

ಶಿವಭಕ್ತರ ಊರಿನಲ್ಲಿ ಶಿವರಾತ್ರಿಯಂದು ಒಲೆ ಹಚ್ಚುವವರು ಯಾರು? ಬೆಟ್ಟಕ್ಕೆ ಹೋಗುವವರು ಹೋಗಿದ್ದರು, ಉಳಿದವರು ದೇವಸ್ಥಾನದ ಕಡೆ ಓಡಾಡುತ್ತಿದ್ದರು. ಆಪರೇಷನ್‌ಗೆ ಇನ್ನು ಕೆಲವೇ ದಿನ. ನಾನು ಒಳಗೆ ಕೋಣೆಯಲ್ಲಿ ಬಡಿಸುತ್ತೇನೆ, ಬಾಗಿಲು ಮುಂದಕ್ಕೆ ಮಾಡುತ್ತೇನೆ ಎಂದೆ.

"ಕದ್ದು ಉಂಡ್ರ ತಪ್ಪು ಮಾಡ್ದಂಗಾಯ್ತದ. ಜಗುಲಿಗ ತಕ್ಕಬಾ."

ಜಗುಲಿಯ ಮೇಲೆ, ಬೀದಿಗೆ ಮುಖ ಮಾಡಿ, ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಕೂತು ಉಂಡರು. ಮದುವೆಯಾಗಿ ಬಂದ ಮೇಲೆ ಅವರು ಶಿವರಾತ್ರಿಯಂದು ಬಾಯಿಗಿಟ್ಟ ಮೊದಲ ತುತ್ತು. ಅದು ಗಂಟಲಲ್ಲಿ ಇಳಿಯುವುದು ಎಷ್ಟು ಕಷ್ಟವಾಯಿತು ಎಂಬುದು ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ನನಗೆ ಮಾತ್ರ ಕಂಡಿತು. ಪೂಜೆಯ ತಟ್ಟೆ ಹಿಡಿದು ಹೋಗುತ್ತಿದ್ದ ಎದುರು ಮನೆಯಾಕೆ ಕಂಬದಂತೆ ನಿಂತುಬಿಟ್ಟರು.

"ಏನ್ ಮಾದೇವಮ್ಮಾ, ಶಿವರಾತ್ರಿ ದಿವ್ಸ ಉಣ್ತಾ ಇದ್ದೀಯಲ್ಲ?"

"ಆಪ್ರೇಷನ್ ಅದ ಕಣವ್ವ. ಈ ವರ್ಸ ನಂಗ ಉಣ್ಣೋದೇ ಶಿವರಾತ್ರಿ."

ನನಗೆ ರಾಜ್ಯಮಟ್ಟದಲ್ಲಿ ರ‍್ಯಾಂಕ್ ತೆಗೆದ ಶಿಷ್ಯರಿದ್ದಾರೆ, ಡಾಕ್ಟರಾದ ಶಿಷ್ಯರಿದ್ದಾರೆ. ಅವರ ಬಗ್ಗೆ ಹೆಮ್ಮೆ ಇಲ್ಲ ಎಂದಲ್ಲ. ಆದರೆ ತಿಳಿದುಕೊಂಡದ್ದನ್ನು ಬೀದಿಯ ಮುಂದೆ ಕೂತು ಹೀಗೆ ನಡೆಸಿ ತೋರಿಸಿದವರು ಇನ್ನೊಬ್ಬರಿಲ್ಲ. ಚೊಂಬು ಹಿಡಿದುಕೊಂಡೇ ನಾನು ಅಂದು ಎದೆಯುಬ್ಬಿಸಿ ನಿಂತಿದ್ದೆ.

ಆಪರೇಷನ್ ಚೆನ್ನಾಗಿ ಆಯಿತು. ಸರ್ಜನ್ ಹೊರಗೆ ಬಂದು, ಗಂಟು ಎಲ್ಲಿಯೂ ಹಾದಿ ಹಿಡಿದಿರಲಿಲ್ಲ, ಪೂರ್ತಿ ಬಂದಿದೆ ಎಂದಾಗ ಪುಟ್ಟಮ್ಮಣ್ಣಿ ನನ್ನನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತರು. ನಾಲ್ಕಾರು ದಿನದ ನಂತರ ವರದಿ ಬಂತು, ಅಂದುಕೊಂಡ ಬಗೆಯ ಕ್ಯಾನ್ಸರೇ. ಜೀವಶಾಸ್ತ್ರದವಳೆಂಬ ಸಲುಗೆಯಲ್ಲಿ ಪೆಥಾಲಜಿ ವಿಭಾಗದ ಡಾಕ್ಟರಮ್ಮನನ್ನು ಕೇಳಿ ಸೂಕ್ಷ್ಮದರ್ಶಕದಲ್ಲಿ ಆ ಗಂಟಿನ ಸ್ಲೈಡ್ ನೋಡಿದೆ. ಸಾಲು ಸಾಲು ಬಿಳೀ ಕೋಣೆಗಳು, ಒಳಗೆ ಏನೂ ಇಲ್ಲದ ಹಾಗೆ. ಅವು ಕೊಬ್ಬು, ಸಕ್ಕರೆ ತುಂಬಿಕೊಂಡಿದ್ದ ಕೋಣೆಗಳು, ಸ್ಲೈಡ್ ಮಾಡುವಾಗ ಅದೆಲ್ಲ ತೊಳೆದುಹೋಗುತ್ತದೆ, ಅದಕ್ಕೇ ಖಾಲಿ ಕಾಣುವುದು ಎಂದು ಅವರು ವಿವರಿಸಿದರು. ಆ ಸುಳ್ಳು ಕೂಗನ್ನೇ ತಡೆಯುವ ಮಾತ್ರೆಗಳೂ ಈಗ ಬಂದಿವೆ, ನಿಮ್ಮ ಅತ್ತೆಗೆ ಸದ್ಯಕ್ಕೆ ಬೇಕಿಲ್ಲ ಎಂದರು. ವಾರ್ಡಿಗೆ ಬಂದು ಅತ್ತೆಗೆ ಹೇಳಿದೆ. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಮೆಲ್ಲಗೆ ನಕ್ಕರು.

"ನನ್ ತೊಡ ಕದ್ದು ಅಲ್ಲಿ ಕೂಡಾಕಂಡಿತ್ತಾ? ಓಗ್ಲಿ ಬುಡು, ಸಿಕ್ಕಾಕತ್ತಲ್ಲ."

ಮಳೆ ಹಿಡಿದು, ಗುಂಡ್ಲುಪೇಟೆ ರಸ್ತೆಯ ಇಕ್ಕೆಲದಲ್ಲೂ ಚೆಂಡುಹೂವಿನ ಹೊಲಗಳು ಹಳದಿಯಾಗುವ ಹೊತ್ತಿಗೆ ಅತ್ತೆ ಮತ್ತೆ ಹೊಲಕ್ಕೆ ಇಳಿದಿದ್ದರು. ಆಗಾಗ ಸ್ಕ್ಯಾನ್‌ಗೆ ಹೋಗಿಬರುವುದು ಇತ್ತು, ಇವತ್ತಿಗೂ ಇದೆ. ಅಂಥ ಒಂದು ಸಂಜೆ ನಾನು ಕಾಲೇಜಿನಿಂದ ಬಂದು ಅಡುಗೆಮನೆಯಲ್ಲಿ ಮುದ್ದೆಗೆ ಎಸರಿಟ್ಟಿದ್ದೆ. ಗಂಡಹೆಂಡತಿ ಇಬ್ಬರು ಜಗುಲಿಗೆ ಬಂದರು. ಕುದೇರಿನವರು, ಪುಟ್ಟಮ್ಮಣ್ಣಿ ಕಳಿಸಿದ್ದರು. ಆ ಮನುಷ್ಯನಿಗೂ ಮೂತ್ರಪಿಂಡದಲ್ಲಿ ಗಂಟು, ಆಪರೇಷನ್‌ಗೆ ದಿನ ಗೊತ್ತಾಗಿದೆ. ಮೂಳೆಯ ಮೇಲೆ ಅಂಗಿ ತೊಡಿಸಿದ ಹಾಗೆ ಆಗಿದ್ದರು. ಯಾರೋ ಹೇಳಿದರೆಂದು ಅನ್ನ, ರಾಗಿ ಎಲ್ಲ ಬಿಟ್ಟಿದ್ದಾರೆ ಎಂದು ಹೆಂಡತಿ ಕಣ್ಣೊರೆಸಿಕೊಂಡು, ಲೆಕ್ಚರ್ ಮೇಡಂ ಇದ್ದಾರಾ ಎಂದು ಕೇಳಿದರು. ನಾನು ಕೈ ಒರೆಸಿಕೊಂಡು ಹೊರಡುವಷ್ಟರಲ್ಲಿ ಅತ್ತೆಯ ದನಿ ಕೇಳಿತು.

"ಅವ್ಳು ಈಗ್ತಾನೆ ಬಂದವ್ಳ, ದಣ್ದವ್ಳ. ಕೂತ್ಕಳಿ, ನಾನೇ ಯೋಳ್ತಿನಿ."

ಬಾಗಿಲ ಹಿಂದೆಯೇ ನಿಂತುಬಿಟ್ಟೆ. ಅತ್ತೆ ಶುರು ಮಾಡಿದರು. ಒಲೆ, ಗಾಳಿ, ಕಾವಲುಗಾರ, ಸುಳ್ಳು ಕೂಗು, ಅರೆಬೆಂದ ಸೌದೆ, ಅದರಿಂದ ಎಬ್ಬಿಸಿದ ಗೋಡೆ. ಒಂದೂ ಬಿಡಲಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಊಟದ ಕ್ರಮ ಬೇರೆ, ಅದನ್ನು ಡಾಕ್ಟರನ್ನೇ ಕೇಳಿ ಎಂಬುದನ್ನೂ ಸೇರಿಸಿದರು. ತಪ್ಪು ಹುಡುಕುವ ಅಭ್ಯಾಸ ನನಗೆ ಕೈಬಿಟ್ಟಿಲ್ಲ, ಕಿವಿ ನಿಮಿರಿಸಿ ಹುಡುಕಿದೆ, ಸಿಗಲಿಲ್ಲ. ಕೊನೆಗೆ ತಮ್ಮ ತೋಳನ್ನು ಮುಂದೆ ಚಾಚಿ, "ಇಕೋ, ನಾನೂ ಇಂಗೇ ಕರಗೋಗಿದ್ದಿ" ಎಂದರು. ಆ ಮನುಷ್ಯ ತಮ್ಮ ತೋಳನ್ನೂ ಮುಟ್ಟಿ ನೋಡಿಕೊಂಡರು.

"ಅಂಗಾದ್ರ ನಾ ಉಳ್ಕತಿನಾ ಅವ್ವ?"

"ಅದು ನಂಗ ಗೊತ್ತಿಲ್ಲ ಕಣಪ್ಪ, ಸುಳ್ಳು ಯಾಕ ಯೋಳ್ಲಿ? ಡಾಕುಟ್ರು ಕೈಲಾದ್ದು ಮಾಡ್ತರ. ಅವ್ರು ಕೈ ಇಕ್ಕಾಕ ಮೈನಲ್ಲಿ ಏನಾರ ಇರ್ಬೇಕಲ್ಲ, ಅದು ನಿನ್ ಕೆಲ್ಸ." ಆಮೇಲೆ ಒಳಕ್ಕೆ ಕೂಗಿದರು, "ಅಮ್ಮಿ, ಎರಡು ಮುದ್ದ ಜಾಸ್ತಿ ಮಾಡು."

"ಬ್ಯಾಡ ಅವ್ವ, ಉಣ್ಣಾಕ ಎದ್ರಿಕ ಆಯ್ತದ."

"ಮೊದ್ಲು ಉಣ್ಣು. ಎದರ್ಕಳದು ಆಮೇಲ ಇದ್ದೇ ಅದ."

ಆ ಮನುಷ್ಯ ಹೆಂಡತಿಯ ಮುಖ ನೋಡಿದರು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಅತ್ತೆಯ ಪಕ್ಕ ಕೂತರು. ನಾನು ಬಡಿಸಿದೆ.